ನುಣುಪು ಕಪಾಟಿಗೆ ಬಣ್ಣ ನಿಲ್ಲಬೇಕೇ?

ನಿಮ್ಮ ಅಡಿಗೆಮನೆಯ ಕಪಾಟಿನ ಬಾಗಿಲುಗಳನ್ನು ಇವತ್ತು ಒಮ್ಮೆ ಬೆಳಕಿನಲ್ಲಿ ನೋಡಿ. ಒಲೆಯ ಪಕ್ಕದ ಬಾಗಿಲು ಹಳದಿಗಟ್ಟಿದೆಯೇ? ಹಿಡಿಕೆಯ ಸುತ್ತ ಕೈಜಿಡ್ಡಿನ ಕಪ್ಪು ಕೂತಿದೆಯೇ? ಹಲಗೆ ಇನ್ನೂ ಗಟ್ಟಿಮುಟ್ಟಾಗಿದೆ, ಬಣ್ಣ ಮಾತ್ರ ಕಣ್ಣಿಗೆ ಹಿಡಿಸುತ್ತಿಲ್ಲ, ಅಲ್ಲವೇ? ಹೊಸದು ಮಾಡಿಸೋಣವೆಂದರೆ ಬಡಿಗೇರರು ಹೇಳುವ ಲೆಕ್ಕ ಕೇಳಿಯೇ ಎದೆ ಧಸಕ್ಕೆನ್ನುತ್ತದೆ. ಆಗ ಹೊಳೆಯುವುದು ಒಂದೇ ಉಪಾಯ: ಒಂದು ಡಬ್ಬಿ ಬಣ್ಣ ತಂದು ಬಳಿದುಬಿಟ್ಟರಾಯಿತು!

ನಾನೂ ಹಾಗೇ ಅಂದುಕೊಂಡಿದ್ದೆ. ಹಾವೇರಿಯ ನಮ್ಮ ಮನೆಯ ಕಪಾಟಿಗೆ ಸನ್‌ಮೈಕಾ ಹೊದಿಕೆ. ಚೀಟಿ ಹಣ ಕೈಗೆ ಬಂದಿತ್ತು, ಯುಗಾದಿ ಹತ್ತಿರವಾಗಿತ್ತು, ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಒದ್ದೆ ಬಟ್ಟೆಯಿಂದ ಒರೆಸಿ, ಎರಡೇ ದಿನದಲ್ಲಿ ಎನಾಮಲ್ ಬಳಿದು ಮುಗಿಸಿದೆ. ಕನ್ನಡಿಯಂತೆ ಹೊಳೆಯಿತು. ಹದಿನೈದು ದಿನ ಕಳೆಯುವುದರೊಳಗೆ ಉಗುರು ತಾಗಿದಲ್ಲೆಲ್ಲ ಬಣ್ಣ ಏಳತೊಡಗಿತು. “ಉಳ್ಳಾಗಡ್ಡಿ ಸಿಪ್ಪಿ ಬಂದಂಗ ಕಿತ್ತು ಬರಾಕತ್ತೈತಲ್ಲವಾ!” ಎಂದು ಅತ್ತೆ ನಕ್ಕರು. ನನಗೆ ಅಳುವೇ ಬಂತು. ಹೋದದ್ದು ದುಡ್ಡಷ್ಟೇ ಅಲ್ಲ. “ಪೇಂಟರ್ ಯಾಕ್ರೀ, ನಾನೇ ಮಾಡ್ತೀನಿ” ಅಂತ ಯಜಮಾನರ ಮುಂದೆ ಹಟ ಹಿಡಿದು ಆಡಿದ ಮಾತೂ ಹೋಯಿತು.

ತಪ್ಪು ಬಣ್ಣದ್ದಲ್ಲ, ಅವಸರದ್ದು. ಬಳಿಯುವುದು ಒಂದು ದಿನದ ಕೆಲಸ. ಬಣ್ಣ ನಿಲ್ಲುವಂತೆ ಮಾಡುವುದು ಅದಕ್ಕೂ ಮುಂಚಿನ ಮೂರು ದಿನದ ಕೆಲಸ. ಇದನ್ನು ನಾನು ಕಲಿತದ್ದು ಬ್ಯಾಡಗಿಯಲ್ಲಿ ಮತ್ತು ರಾಣೆಬೆನ್ನೂರಿನಲ್ಲಿ.

ಬ್ಯಾಡಗಿಯ ಪಾಠ: ಜಿಡ್ಡು

ಬ್ಯಾಡಗಿಯಲ್ಲಿ ನಮ್ಮ ಚಿಗವ್ವನ ಮನೆ. ಆ ಊರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಖಾರ ಕಡಿಮೆ, ಬಣ್ಣ ಗಾಢ. ಆ ಕೆಂಪು ಎಣ್ಣೆಯಲ್ಲಿ ಕರಗುವಂಥದು, ನೀರಿನಲ್ಲಲ್ಲ. ಆದ್ದರಿಂದಲೇ ಒಗ್ಗರಣೆ ಸಿಡಿದ ಕಲೆ ಬರೀ ನೀರಿಗೆ ಹೋಗುವುದಿಲ್ಲ. ಜೊತೆಗೆ ಮೆಣಸಿನಕಾಯಿ ಹುರಿದಾಗ, ಮಿರ್ಚಿ ಕರಿದಾಗ ಏಳುವ ಎಣ್ಣೆಯ ಹಬೆ ಕಪಾಟಿನ ಮೇಲೆ ಕೂತು, ವರ್ಷಗಳು ಕಳೆದಂತೆ ಅಂಟಂಟಾದ ಪದರವಾಗುತ್ತದೆ. ನಾನು ಬಣ್ಣ ಬಳಿದದ್ದು ಕಪಾಟಿಗಲ್ಲ, ಈ ಪದರಕ್ಕೆ!

ನನ್ನ ಕಥೆ ಕೇಳಿದ ಚಿಗವ್ವ ಅಂದದ್ದು ಇಷ್ಟೇ: “ಎಣ್ಣಿ ಕೈಯಾಗ ಮದರಂಗಿ ಕೆಂಪಾಗ್ತೈತೇನ ಯವ್ವಾ? ಕಪಾಟಿಂದೂ ಹಂಗ.”

ಆಕೆಯ ಕ್ರಮ ಹೀಗೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಬಟ್ಟೆ ಸೋಡಾ ಹಾಕಿ ಕರಗಿಸಿ. ಕೈಗೆ ರಬ್ಬರ್ ಚೀಲ ಹಾಕಿಕೊಂಡು, ಬಟ್ಟೆ ಅದ್ದಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಉಜ್ಜಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಸೋಡಾ ಉಳಿದರೂ ಬಣ್ಣ ಹಿಡಿಯುವುದಿಲ್ಲ. ಸೀಮೆಎಣ್ಣೆಯಿಂದ ಒರೆಸುವ ಅಭ್ಯಾಸ ಕೆಲವರಿಗಿದೆ. ಬೇಡಿ, ಅದು ತಾನೇ ಒಂದು ಜಿಡ್ಡನ್ನು ಬಿಟ್ಟುಹೋಗುತ್ತದೆ. ಕೊನೆಗೆ ನಾಲ್ಕು ಹನಿ ನೀರು ಚಿಮುಕಿಸಿ ಕೈಯಿಂದ ಸವರಿ. ನೀರು ಹರಡಿಕೊಂಡರೆ ಜಿಡ್ಡು ಹೋಗಿದೆ. ಮುತ್ತಿನಂತೆ ಗುಂಡಗೆ ನಿಂತರೆ ಇನ್ನೊಮ್ಮೆ ತೊಳೆಯಿರಿ.

ರಾಣೆಬೆನ್ನೂರಿನ ಪಾಠ: ಹೊದಿಕೆ ಯಾವುದು?

ನಾದಿನಿಯ ಮನೆ ರಾಣೆಬೆನ್ನೂರು. ಆಕೆ ಜಿಡ್ಡು ತೆಗೆದಿದ್ದಳು, ಆದರೆ ಇನ್ನೊಂದು ಕಡೆ ಎಡವಿದಳು. ಆಕೆಯ ಕಪಾಟಿಗಿದ್ದದ್ದು ಸನ್‌ಮೈಕಾ ಅಲ್ಲ, ವಿನಿಯರ್; ಅಂದರೆ ಪ್ಲೈವುಡ್ಡಿನ ಮೇಲೆ ಅಂಟಿಸಿದ ನಿಜವಾದ ಮರದ ತೆಳು ಹಾಳೆ. ಎಷ್ಟು ತೆಳುವೆಂದರೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರೂ ಇರುವುದಿಲ್ಲ. ಬಾಡಿಗೆ ಯಂತ್ರದಿಂದ ತಿಕ್ಕಿಸಿದ್ದೇ ತಡ, ಅಂಚುಗಳಲ್ಲಿ ಹಾಳೆ ಸವೆದು ಒಳಗಿನ ಪ್ಲೈ ಹಲ್ಲು ಕಿರಿಯಿತು.

ಆದ್ದರಿಂದ ಮೊದಲು ಗುರುತಿಸಿ. ಬಾಗಿಲಿನ ಅಂಚಿನಲ್ಲಿ ಸಣ್ಣ ಕಂದು ಗೆರೆ ಕಂಡರೆ ಅದು ಸನ್‌ಮೈಕಾ. ಕಾಗದದ ಹಾಳೆಗಳನ್ನು ರಾಳದಲ್ಲಿ ನೆನೆಸಿ, ಬಿಸಿಮಾಡಿ ಒತ್ತಿ ತಯಾರಿಸಿದ್ದು. ಅದರ ಮೇಲಿನ ಮರದ ಚಿತ್ತಾರ ಅಚ್ಚಿನದು, ಹಲವು ಬಾಗಿಲಿಗೆ ಒಂದೇ ಥರ ಮರುಕಳಿಸಬಹುದು. ನಿಜವಾದ ವಿನಿಯರಿನಲ್ಲಿ ಎಳೆಗಳು ಕೈಗೆ ಸಿಗುತ್ತವೆ, ಒಂದರಂತೆ ಇನ್ನೊಂದಿರುವುದಿಲ್ಲ. ವಿನಿಯರಿಗೆ ನೀರು ಸುರಿಯಬೇಡಿ, ಅಂಟು ಸಡಿಲವಾಗುತ್ತದೆ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಒಲೆಯ ಬಿಸಿಗೆ ಅಂಚಿನಲ್ಲಿ ಎದ್ದು ಬರುವ ಪ್ಲಾಸ್ಟಿಕ್ ಹಾಳೆಯಾಗಿದ್ದರೆ, ಅದನ್ನು ಪೂರ್ತಿ ಸುಲಿದು ತೆಗೆದೇ ಮುಂದುವರಿಯಿರಿ.

ಬೇಕಾಗುವ ಸಾಮಾನು

ಬಟ್ಟೆ ಸೋಡಾ, ಹಳೆಯ ಹತ್ತಿ ಬಟ್ಟೆ, 220 ಮತ್ತು 320 ನಂಬರಿನ ಪಾಲಿಶ್ ಕಾಗದ, ನುಣುಪು ಮೇಲ್ಮೈಗೆ ಹಿಡಿಯುವ ಪ್ರೈಮರ್, ಬಣ್ಣ, ನಾಲ್ಕು ಇಂಚಿನ ಸ್ಪಂಜಿನ ರೋಲರ್, ಮೂಲೆಗಳಿಗೆ ಒಂದು ಸಣ್ಣ ಬ್ರಷ್.

ಮಾಡುವ ವಿಧಾನ

ಬಾಗಿಲುಗಳನ್ನು ಬಿಚ್ಚಿ. ಬಿಜಾಗರಿ ಕೂರುವ ಜಾಗದಲ್ಲಿ ಪೆನ್ಸಿಲಿನಿಂದ ನಂಬರ್ ಬರೆದಿಡಿ. ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಕೊನೆಗೆ ಯಾವುದು ಯಾವುದರ ಬಾಗಿಲೆಂದು ತಲೆ ಕೆಡುತ್ತದೆ.

ತೊಳೆದು ಒಣಗಿದ ಮೇಲೆ 220ರ ಕಾಗದದಿಂದ ಕೈಯಲ್ಲೇ ಹಗುರವಾಗಿ ಉಜ್ಜಿ. ಸವೆಸುವುದು ನಮ್ಮ ಉದ್ದೇಶವಲ್ಲ. ಹೊಳಪು ಹೋಗಿ ಕಲ್ಲುಪಾಟಿಯಂತೆ ಮಂಕಾದರೆ ಸಾಕು. ವಿನಿಯರಾದರೆ ಎಳೆಯ ಉದ್ದಕ್ಕೇ ಉಜ್ಜಿ, ಅಂಚಿನಲ್ಲಿ ಕೈ ಇನ್ನೂ ಹಗುರವಿರಲಿ. ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ.

ಪ್ರೈಮರ್ ಕೊಳ್ಳುವಾಗ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ: “ಸನ್‌ಮೈಕಾಕ್ಕೆ ಹಿಡಿಯುವಂಥದು ಕೊಡ್ರಿ” ಅಂತ. ಬರೀ ಮರಕ್ಕೆ ಹಚ್ಚುವ ಪ್ರೈಮರ್ ಮರದ ರಂಧ್ರಕ್ಕೆ ಇಳಿದು ಹಿಡಿಯುವಂಥದು. ಸನ್‌ಮೈಕಾದಲ್ಲಿ ಇಳಿಯಲು ರಂಧ್ರವೇ ಇಲ್ಲ. ಎರಡು ಡಬ್ಬಿ ಬೆರೆಸುವ ಪಿ.ಯು. ಪ್ರೈಮರ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಬೆರೆಸಿದ್ದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಬೆರೆಸಿ. ಅದರ ಆವಿ ಒಳ್ಳೆಯದಲ್ಲ. ಆ ಕೆಲಸ ಹೊರಗೆ, ಗಾಳಿಯಾಡುವಲ್ಲಿ ಆಗಲಿ. ಆವಿ ತಡೆಯುವ ಮಾಸ್ಕ್ ಇರಲಿ. ಉಬ್ಬಸವಿದ್ದವರು, ಗರ್ಭಿಣಿಯರು ಅದರ ಹತ್ತಿರ ಸುಳಿಯಬಾರದು.

ಇನ್ನು ಬಣ್ಣ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳುವಾಗಿ ಎರಡು ಸಲ ಬಳಿಯಿರಿ. ನಡುವೆ ಪೂರ್ತಿ ಒಣಗಲು ಬಿಟ್ಟು, 320ರ ಕಾಗದವನ್ನು ಒಮ್ಮೆ ಆಡಿಸಿ. ಬಿಳಿ ಬಣ್ಣ ಬೇಕೆನ್ನುವವರು ನೀರಿನ ಎನಾಮಲ್ ತರುವುದು ಮೇಲು. ಎಣ್ಣೆಯ ಬಿಳಿ ಎನಾಮಲ್ ಬೆಳಕು ಕಡಿಮೆಯಿದ್ದಲ್ಲಿ ಹಳದಿಗೆ ತಿರುಗುತ್ತದೆ.

ಮೊದಲು ಒಂದೇ ಬಾಗಿಲು

ನನ್ನಂತೆ ಎಲ್ಲ ಬಾಗಿಲಿಗೂ ಒಟ್ಟಿಗೆ ಕೈ ಹಾಕಬೇಡಿ. ಒಂದು ಬಾಗಿಲಿನ ಒಳಮೈಗೆ ಅಂಗೈಯಗಲ ಎಲ್ಲ ಹಂತಗಳನ್ನೂ ಮಾಡಿ, ಒಂದು ವಾರ ಬಿಡಿ. ಆಮೇಲೆ ಬ್ಲೇಡಿನಿಂದ ಸಣ್ಣ ಚೌಕುಳಿ ಗೀರಿ, ಅಂಟುಪಟ್ಟಿ ಒತ್ತಿ ಹಚ್ಚಿ, ಒಮ್ಮೆಗೇ ಎಳೆಯಿರಿ. ಪಟ್ಟಿಯ ಜೊತೆ ಬಣ್ಣ ಬರದಿದ್ದರೆ ನಿಶ್ಚಿಂತೆಯಿಂದ ಉಳಿದದ್ದನ್ನು ಮಾಡಿ. ಬಂದರೆ ನಷ್ಟ ಅಂಗೈಯಗಲದ್ದು ಮಾತ್ರ.

ಯಾವಾಗ ಮಾಡಬೇಕು, ಯಾವಾಗ ಬೇಡ

ನಮ್ಮ ಕಡೆ ದೀಪಾವಳಿ ಕಳೆದ ಮೇಲಿನ ಒಣ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಬಣ್ಣ ಬೇಗ ಆರದು; ಬೇಸಿಗೆಯ ಉರಿಬಿಸಿಲಿಗಿಟ್ಟರೆ ಮೇಲಷ್ಟೇ ಆರಿ ರೋಲರಿನ ಗುರುತು ಉಳಿಯುತ್ತದೆ. ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ, ಕುಟ್ಟುವ ದಿನ ಬೇಡವೇ ಬೇಡ. ಆ ಪುಡಿಯೆಲ್ಲ ಹಸಿ ಬಣ್ಣದ ಮೇಲೆಯೇ ಕೂರುತ್ತದೆ. ತೊಟ್ಟಿಯ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿದ್ದರೆ ಬಣ್ಣ ಅದನ್ನು ಉಳಿಸದು, ಆ ಒಂದು ಹಲಗೆ ಬದಲಾಯಿಸಿ.

ಇನ್ನೊಂದು ಎಚ್ಚರಿಕೆ. ಕಪಾಟಿಗೆ ಮೊದಲೇ ಹಳೆಯ ಬಣ್ಣವಿದ್ದರೆ ಒಣ ಕಾಗದದಿಂದ ತಿಕ್ಕಬೇಡಿ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಸರಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರಬಹುದು. ಅದು ಎಳೆಯ ಮಕ್ಕಳ ಮಿದುಳಿಗೆ ಕೇಡು. ನೀರು ಹಾಕುವ ಕಾಗದದಿಂದ ಒದ್ದೆಯಾಗಿಯೇ ತಿಕ್ಕಿ, ರಾಡಿಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಕ್ಕಳನ್ನು ಆ ದಿನ ಅಜ್ಜಿಯ ಮನೆಗೆ ಕಳಿಸಿಬಿಡಿ.

ಬಾಗಿಲು ಕೂಡಿಸಿದ ಮೇಲೂ ಹದಿನೈದು ದಿನ ಒದ್ದೆ ಬಟ್ಟೆ ತಾಗಿಸಬೇಡಿ. ಕೈಗೆ ಅಂಟದಿದ್ದರೂ ಬಣ್ಣ ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ.

ನಾನು ಏನು ಮಾಡಿದೆ ಅಂತೀರಾ? ಎದ್ದ ಬಣ್ಣವನ್ನೆಲ್ಲ ಕೆರೆದು ತೆಗೆದು, ದೀಪಾವಳಿ ಕಳೆಯಲಿ ಎಂದು ಕಾದು, ಒಂದು ಬಾಗಿಲಿನಿಂದ ಮತ್ತೆ ಶುರು ಮಾಡಿದೆ. ಅದಾಗಿ ಎರಡು ಯುಗಾದಿ ಕಳೆದಿವೆ. ಮೊನ್ನೆ ಅತ್ತೆ ಹಿಡಿಕೆಯ ಹತ್ತಿರ ಬೇಕೆಂದೇ ಉಗುರಿನಿಂದ ಕೆರೆದು ನೋಡಿದರು. ಬಣ್ಣ ಏಳಲಿಲ್ಲ. ಏನೂ ಅನ್ನದೆ ಚಹಾ ಲೋಟ ಹಿಡಿದು ಪಡಸಾಲೆಗೆ ಹೋದರು. ನನಗೆ ಅಷ್ಟೇ ಸಾಕಾಗಿತ್ತು!