ಕಣ್ಣಳತೆ

ಸಂತೆಯಲ್ಲಿ ನಿಂಬೆಹಣ್ಣಿನ ಎರಡು ಗುಪ್ಪೆಗಳನ್ನು ಕಂಡೊಡನೆ, ಎಣಿಸದೆಯೇ, ‘ಇದರಲ್ಲಿ ಹೆಚ್ಚಿದೆ’ ಎಂದು ಕೈ ಚಾಚುವ ಗೃಹಿಣಿಯರನ್ನು ವಾಚಕರೆಲ್ಲರೂ ನೋಡಿರುವರು. ಈ ಕಣ್ಣಳತೆಯನ್ನೇ ಅಳೆಯಲು ಸಾಧ್ಯವೆ?

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸನು 1871ರಲ್ಲಿ ಪ್ರಕಟಿಸಿದ ಉಪಾಯವು ಬಹು ಸುಲಭವಾದುದು. ಕರಿಯ ತಟ್ಟೆಯ ನಡುವೆ ಬಿಳಿಯ ಡಬ್ಬಿಯೊಂದನ್ನಿರಿಸಿ, ಅದರತ್ತ ಕರಿಯ ಕಾಳುಗಳನ್ನು ಎಸೆಯುವುದು; ಒಳಗೆ ಬಿದ್ದವೆಷ್ಟೆಂದು ತಡೆಯದೆ ಊಹಿಸಿ, ಬಳಿಕ ಎಣಿಸಿ, ಎರಡನ್ನೂ ಬರೆದಿಡುವುದು. ಹೀಗೆ ಒಂದಲ್ಲ, ಹತ್ತಲ್ಲ, 1,027 ಬಾರಿ! ಮೂರು ನಾಲ್ಕು ಬಿದ್ದಾಗ ಒಮ್ಮೆಯೂ ತಪ್ಪಲಿಲ್ಲ; ಐದಕ್ಕೆ ಬಂದೊಡನೆ ತಪ್ಪು ತಲೆದೋರಿತು; ಸಂಖ್ಯೆ ಬೆಳೆದಂತೆ ತಪ್ಪೂ ಬೆಳೆಯಿತು. ಊಹಿಸಿದವನೂ ಆತನೇ, ತನ್ನ ತಪ್ಪಿನ ಲೆಕ್ಕವಿಟ್ಟವನೂ ಆತನೇ ಎಂಬುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಎರಡು ರಾಶಿಗಳನ್ನು ಹೋಲಿಸುವಾಗಲಾದರೋ ಕಣ್ಣು ಗಮನಿಸುವುದು ವ್ಯತ್ಯಾಸವನ್ನಲ್ಲ, ಪ್ರಮಾಣವನ್ನು. ಹತ್ತನ್ನೂ ಇಪ್ಪತ್ತನ್ನೂ ಒಡನೆಯೇ ಬೇರ್ಪಡಿಸಬಲ್ಲೆವು. ಐವತ್ತು ಅರುವತ್ತುಗಳಲ್ಲಿಯೂ ಹತ್ತೇ ಭೇದವಿದ್ದರೂ ಅಲ್ಲಿ ತಡವರಿಸುವೆವು. ಆರು ತಿಂಗಳ ಶಿಶುಗಳು ಸಹ ಎಂಟು ಚುಕ್ಕೆಗಳಿಗೂ ಹದಿನಾರಕ್ಕೂ ಇರುವ ಭೇದವನ್ನು ಗುರುತಿಸುವುವೆಂದೂ, ಎಂಟು ಹನ್ನೆರಡುಗಳ ಭೇದವನ್ನು ಗುರುತಿಸಲಾರವೆಂದೂ 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು.

ತಾಯಿತಂದೆಗಳಿಗೆ ಹೆಚ್ಚು ಸಂಬಂಧಿಸಿದುದು 2008ರಲ್ಲಿ ಅಮೆರಿಕದಿಂದ ಹೊರಬಂದ ಪರೀಕ್ಷೆ. ಹದಿನಾಲ್ಕು ವರ್ಷದ 64 ಮಕ್ಕಳಿಗೆ ನೀಲಿ ಹಳದಿ ಚುಕ್ಕೆಗಳನ್ನು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಕಾಲ ತೋರಿಸಿ, ಯಾವ ಬಣ್ಣದವು ಹೆಚ್ಚೆಂದು ಕೇಳಿದರು. ಮಗುವಿನಿಂದ ಮಗುವಿಗೆ ಬಹಳ ಅಂತರ ಕಂಡುಬಂದಿತು. ನೋಟ ಚುರುಕಾಗಿದ್ದವರು ಶಿಶುವಿಹಾರದ ದಿನಗಳಿಂದಲೂ ಗಣಿತದಲ್ಲಿ ಸಾಮಾನ್ಯವಾಗಿ ಮುಂದಿದ್ದರೆಂದು ಹಳೆಯ ಅಂಕಗಳು ಹೇಳಿದುವು. ಇದನ್ನೋದಿ, ‘ನಮ್ಮ ಹುಡುಗನಿಗೆ ಕಣ್ಣಳತೆಯಿಲ್ಲ, ಲೆಕ್ಕ ಬಾರದು’ ಎಂದು ಯಾರಾದರೂ ಕೈಬಿಟ್ಟರೆ ಅದು ದೊಡ್ಡ ಅನ್ಯಾಯ. ಎರಡು ಗುಣಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಮಗ್ಗಿ ಕಲಿತು ಕಲಿತೇ ನೋಟವು ಹರಿತವಾಗಿದ್ದರೂ ಆಗಿರಬಹುದು.

ಮನೆಯಲ್ಲಿ ಪರೀಕ್ಷಿಸಬೇಕೆನ್ನುವವರಿಗೆ ಒಂದು ಹಿಡಿ ಹುಣಿಸೆಬೀಜ ಸಾಕು. ಎರಡು ತಟ್ಟೆಗಳಲ್ಲಿ ಮೊದಲು ಹತ್ತು, ಇಪ್ಪತ್ತು; ಅನಂತರ ಹದಿನಾರು, ಇಪ್ಪತ್ತು; ಕಡೆಗೆ ಹದಿನೆಂಟು, ಇಪ್ಪತ್ತು. ಬೀಜಗಳು ಒಂದೇ ಗಾತ್ರದವಾಗಿರಲಿ, ಎರಡೂ ಕಡೆ ಸಮನಾದ ಜಾಗದಲ್ಲಿ ಹರಡಿರಲಿ. ಅಗಲವಾಗಿ ಹರಡಿದ್ದು ಹೆಚ್ಚೆಂದು ಕಣ್ಣು ಮೋಸಹೋಗುವುದುಂಟು, ಹಣ್ಣು ಮಾರುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ತಟ್ಟೆಗಳನ್ನು ಒಂದು ಕ್ಷಣ ತೋರಿಸಿ, ಒಡನೆಯೇ ಬಟ್ಟೆ ಮುಚ್ಚಿರಿ. ಮಕ್ಕಳು ತುಟಿಯಾಡಿಸಿ ಎಣಿಸಲು ಅವಕಾಶ ಕೊಡಬಾರದು.