ಬ್ರುಕ್‌ಹೌಸ್ ನಿಲಯ: ಸೇಲಂ ನಗರದ ಒಂದು ಹಳೆಯ ಮನೆ

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಸೇಲಂ ಎಂಬ ಬಂದರು ಪಟ್ಟಣವಿದೆ. ಅಲ್ಲಿಯ ಡರ್ಬಿ ಬೀದಿಯಲ್ಲಿ, ಸುಂಕದ ಕಚೇರಿಯ ನೆರೆಯಲ್ಲಿಯೇ, ಇಟ್ಟಿಗೆಯಿಂದ ಕಟ್ಟಿದ ಒಂದು ದೊಡ್ಡ ಮನೆಯನ್ನು ಕಾಣಬಹುದು. 1810-12ರಲ್ಲಿ ಇದನ್ನು ಕಟ್ಟಿಸಿದವನು ವರ್ತಕನಾದ ಬೆಂಜಮಿನ್ ಕ್ರೌನಿನ್‌ಶೀಲ್ಡ್. ಮುಂದೆ 1815ರಿಂದ 1818ರವರೆಗೆ ಸಂಯುಕ್ತ ಸಂಸ್ಥಾನಗಳ ನೌಕಾಮಂತ್ರಿಯಾಗಿದ್ದವನು. ಇವನ ಅಣ್ಣ ಜೇಕಬನು 1796ರಲ್ಲಿ ಬಂಗಾಳದಿಂದ ಒಂದು ಆನೆಮರಿಯನ್ನು ಹಡಗಿನಲ್ಲಿ ಸಾಗಿಸಿಕೊಂಡು ಹೋಗಿ ಅಮೆರಿಕದ ಜನರನ್ನು ಬೆರಗುಗೊಳಿಸಿದನು. ಮನೆಯ ವಿನ್ಯಾಸವನ್ನು ಸ್ಯಾಮ್ಯುಯಲ್ ಮೆಕಿಂಟೈರನದೆಂದು ಹೇಳುವುದುಂಟು. ಆದರೆ ಆತನು 1811ರಲ್ಲಿಯೇ ತೀರಿಕೊಂಡುದರಿಂದ ಕೆಲಸವನ್ನು ಮುಗಿಸಿದವರು ಬೇರೆಯವರೆಂದೇ ತಿಳಿಯಬೇಕು.

1817ರಲ್ಲಿ ಅಧ್ಯಕ್ಷ ಜೇಮ್ಸ್ ಮನ್ರೋ ಇಲ್ಲಿ ತಂಗಿದ್ದನು. ಮನೆಯ ಚರಿತ್ರೆಯೆಂದರೆ ಈ ಸಂಗತಿಯನ್ನೇ ಮೊದಲು ಹೇಳುವುದು ವಾಡಿಕೆಯಾಗಿದೆ. ಅದು ಕೆಲವು ದಿನಗಳ ಮಾತು. 1861ರಲ್ಲಿ ರಾಬರ್ಟ್ ಬ್ರುಕ್‌ಹೌಸ್ ಎಂಬ ವರ್ತಕನು ಈ ಮನೆಯನ್ನು ನಿರ್ಗತಿಕರಾದ ವೃದ್ಧ ಸ್ತ್ರೀಯರ ವಾಸಕ್ಕಾಗಿ ಒಂದು ಸಂಘಕ್ಕೆ ದಾನವಾಗಿತ್ತನು. ಆ ಮೇಲೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಇದು ಮುದುಕಿಯರ ಮನೆಯಾಗಿಯೇ ಉಳಿಯಿತು. ಈ ದೀರ್ಘಕಾಲವೇ ಮನೆಯ ನಿಜವಾದ ಚರಿತ್ರೆಯೆಂದು ನಮ್ಮ ಅಭಿಪ್ರಾಯ.

ಇಷ್ಟು ಸಂಪನ್ನವಾದ ಪಟ್ಟಣದಲ್ಲಿ ದಿಕ್ಕಿಲ್ಲದ ವೃದ್ಧೆಯರೇಕೆ ಇದ್ದರು? ಕಾರಣವು ಆ ಸಂಪತ್ತಿನ ಮೂಲದಲ್ಲಿಯೇ ಇದೆ. ಸುಮಾತ್ರದ ಮೆಣಸನ್ನೂ ಕಲ್ಕತ್ತೆಯ ಬಟ್ಟೆಯನ್ನೂ ತಂದ ಹಡಗುಗಳು ಹೋದವರೆಲ್ಲರನ್ನೂ ಮರಳಿ ತರಲಿಲ್ಲ. ಕಾದಂಬರಿಕಾರ ಹಾಥಾರ್ನನ ತಂದೆ, ಹಡಗಿನ ಕಪ್ತಾನ, 1808ರಲ್ಲಿ ಸುರಿನಾಮಿನಲ್ಲಿ ಜ್ವರದಿಂದ ಸತ್ತನು. ಮೂವರು ಮಕ್ಕಳ ತಾಯಿ ತವರನ್ನು ಆಶ್ರಯಿಸಬೇಕಾಯಿತು. ತವರಿಲ್ಲದವರ ಗತಿಯೇನು? ಅಂದಿನ ಕಾನೂನಿನಂತೆ ಗಂಡನ ಸ್ಥಿರಾಸ್ತಿಯ ಮೂರರಲ್ಲೊಂದು ಭಾಗವನ್ನು ವಿಧವೆಯು ಜೀವಮಾನಪರ್ಯಂತ ಅನುಭವಿಸಬಹುದಾಗಿತ್ತು. ನೆಲವೇ ಇಲ್ಲದ ನಾವಿಕನ ಹೆಂಡತಿಗೆ ಮೂರರಲ್ಲೊಂದೆಂದರೆ ಸೊನ್ನೆಯೇ ಸರಿ. ವಿವಾಹಿತ ಸ್ತ್ರೀಯು ತನ್ನ ಹೆಸರಿನಲ್ಲಿ ಆಸ್ತಿಯನ್ನು ಹೊಂದಲು ಮ್ಯಾಸಚೂಸೆಟ್ಸಿನಲ್ಲಿ ವ್ಯಾಪಕವಾದ ಹಕ್ಕು ದೊರೆತುದು 1855ರ ಶಾಸನದಿಂದ. ಅಷ್ಟರಲ್ಲಿ 1861ರ ವೃದ್ಧೆಯರ ದುಡಿಯುವ ವಯಸ್ಸು ಕಳೆದುಹೋಗಿತ್ತು. 1807ರ ನೌಕಾನಿರ್ಬಂಧ, ಬಳಿಕ ಯುದ್ಧ, ಇವುಗಳಿಂದ ಸೇಲಂನ ವ್ಯಾಪಾರವೂ ಕುಗ್ಗಿ ಬಾಸ್ಟನ್, ನ್ಯೂಯಾರ್ಕುಗಳ ಪಾಲಾಗಿತ್ತು. ಉಳಿದ ಆಸರೆಯೆಂದರೆ ಊರಿನ ದರಿದ್ರಶಾಲೆ. ಮಾನವಂತರು ಅಲ್ಲಿಗೆ ಹೋಗಲು ಹಿಂಜರಿಯುತ್ತಿದ್ದರು.

ಆ ಕಾಲದ ಅಮೆರಿಕದಲ್ಲಿ ಇಂಥ ನಿಲಯಗಳು ಈ ಹಿಂಜರಿಕೆಯನ್ನು ಅರಿತೇ ಹುಟ್ಟಿದವು. ಆದರೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಪ್ರವೇಶಧನವನ್ನೂ ಸನ್ನಡತೆಯ ಬಗ್ಗೆ ತಿಳಿದವರ ಸಾಕ್ಷ್ಯವನ್ನೂ ಕೇಳುವುದು, ಅಳಿದುಳಿದ ಆಸ್ತಿಯನ್ನು ಬರೆಯಿಸಿಕೊಳ್ಳುವುದು ಅವುಗಳಲ್ಲಿ ಸಾಮಾನ್ಯ ಪದ್ಧತಿಯಾಗಿತ್ತು. ಧರ್ಮವೆಂದು ಕರೆದರೂ ಇದರಲ್ಲಿ ವರ್ತಕರ ಲೆಕ್ಕಾಚಾರ ಕಾಣದಿರದು.

ವೃದ್ಧ ಪುರುಷರಿಗಾಗಿ ಕಪ್ತಾನ್ ಜಾನ್ ಬರ್ಟ್ರಮ್ ಇದೇ ಊರಿನಲ್ಲಿ ಪ್ರತ್ಯೇಕ ನಿಲಯವನ್ನು ಸ್ಥಾಪಿಸಿದುದು 1877ರಲ್ಲಿ, ಎಂದರೆ ಹದಿನಾರು ವರ್ಷಗಳ ತರುವಾಯ.