ಆಟ ಆಡಿದ್ರ ರೊಕ್ಕ ಯಾರ್ ಕೊಡ್ತಾರ?

ಇಂಡಿ, ಸಿಂದಗಿ ಕಡೆ ಮಗ ಮೊಬೈಲ್ ಹಿಡಿದು ಕೂತರೆ ಅವ್ವ ಕೇಳುವ ಪ್ರಶ್ನೆ ಇದು. ಕೇಳಬೇಕಾದ ಪ್ರಶ್ನೆಯೇ.

ಆಟವನ್ನು ಕಸುಬು ಮಾಡಿಕೊಳ್ಳಲು ಎರಡು ದಾರಿಗಳಿವೆ. ಒಂದು ಇ-ಸ್ಪೋರ್ಟ್ಸ್, ಅಂದರೆ ತಂಡ ಕಟ್ಟಿ ಪಂದ್ಯಾವಳಿಯಲ್ಲಿ ಸೆಣಸುವುದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇದು ಪ್ರದರ್ಶನ ಸ್ಪರ್ಧೆಯಾಗಿತ್ತು. ನಮ್ಮ ದೇಶದ ತೀರ್ಥ್ ಮೆಹ್ತಾ ಕಂಚು ಗೆದ್ದರು. ಆದರೆ ಮೇಲೇರುವ ಮೆಟ್ಟಿಲು ಕಿರಿದು. ಬಿಜಿಎಂಐ ಎಂಬ ಮೊಬೈಲ್ ಆಟದ 2024ರ ಸರಣಿಯ ಒಟ್ಟು ಬಹುಮಾನ 2 ಕೋಟಿ ರೂಪಾಯಿ. ಫೈನಲ್ ಮುಟ್ಟಿದ್ದು 16 ತಂಡ ಮಾತ್ರ.

ಇನ್ನೊಂದು ಸ್ಟ್ರೀಮಿಂಗ್. ಆಡುತ್ತ, ಮಾತಾಡುತ್ತ ನಿಮ್ಮ ಆಟವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸುವುದು. ಇಲ್ಲಿ ಗೆಲ್ಲಲೇಬೇಕೆಂದಿಲ್ಲ, ಜನ ಕೂತು ನೋಡಬೇಕು ಅಷ್ಟೇ. ಹಿಂದಿಯಲ್ಲಿ ಮಾತಾಡಲು ಹೋಗಬೇಡಿ, ಅಲ್ಲಿ ಸಂತೆಯಷ್ಟು ಜನ ಇದ್ದಾರೆ. ಮುದ್ದೇಬಿಹಾಳದ ಮಾತನ್ನೇ ಆಡಿ. ಅದನ್ನು ಕೇಳಲೆಂದೇ ಬರುವವರು ನಿಮ್ಮವರಾಗಿ ಉಳಿಯುತ್ತಾರೆ.

ರೊಕ್ಕ ಎಲ್ಲಿಂದ? ಜಾಹೀರಾತಿನಿಂದ. ಅದಕ್ಕೆ 1,000 ಚಂದಾದಾರರು ಬೇಕು. ಜೊತೆಗೆ ಒಂದು ವರ್ಷದೊಳಗೆ ಜನ ನಿಮ್ಮ ವಿಡಿಯೊಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಆಮೇಲೆ ವಿಡಿಯೊ ಜಾಹೀರಾತಿನ ಆದಾಯದಲ್ಲಿ ಶೇ 55 ನಿಮ್ಮದು. ನೇರಪ್ರಸಾರದ ವೇಳೆ ನೋಡುಗರು ಕೊಡುವ ಕಾಣಿಕೆಗೆ ಸೂಪರ್ ಚಾಟ್ ಎನ್ನುತ್ತಾರೆ; ಅದರಲ್ಲಿ ಶೇ 70 ನಿಮಗೆ. ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಬ್ಯಾಂಕಿಗೆ ಬಿಡಿಗಾಸೂ ಬರುವುದಿಲ್ಲ. ಮೊದಲ ವರ್ಷ ಏನೂ ಬರಲಿಕ್ಕಿಲ್ಲ ಎಂದುಕೊಂಡೇ ಇಳಿಯಿರಿ. ಕಾಲೇಜು ಬಿಡಬೇಡಿ.

ಒಂದೇ ಆಟವನ್ನು ನೆಚ್ಚಿಕೊಳ್ಳುವುದೂ ಬೇಡ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. ಅದರ ಜಾಗಕ್ಕೆ ಬಂದ ಬಿಜಿಎಂಐ 2022ರ ಜುಲೈನಲ್ಲಿ ಆಪ್ ಅಂಗಡಿಗಳಿಂದ ಮಾಯವಾಗಿ, ಮರಳಿದ್ದು 2023ರ ಮೇ ತಿಂಗಳಲ್ಲಿ. ಅದೊಂದನ್ನೇ ಆಡಿ ತೋರಿಸುತ್ತಿದ್ದವರ ಗತಿ ಏನಾಗಿರಬೇಕು, ನೀವೇ ಯೋಚಿಸಿ.

ಖರ್ಚಿನ ಮಾತಿಗೆ ಬರೋಣ. ಒಳ್ಳೆಯ ಫೋನಿಗೆ 20–25 ಸಾವಿರ, ಮೈಕಿಗೆ ಸಾವಿರ–ಎರಡು ಸಾವಿರ. ಕಂಪ್ಯೂಟರ್ ಇದ್ದರೆ ಪ್ರಸಾರಕ್ಕೆ ಓಬಿಎಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಫೋನಿನಿಂದಲೇ ನೇರಪ್ರಸಾರ ಮಾಡಲು ಮೊದಲು 50 ಚಂದಾದಾರರು ಇರಬೇಕು. ಇಂಟರ್ನೆಟ್ ವಿಷಯದಲ್ಲಿ ಎಲ್ಲರೂ ಡೌನ್‌ಲೋಡ್ ವೇಗ ಕೇಳುತ್ತಾರೆ. ನೀವು ಅಪ್‌ಲೋಡ್, ಅಂದರೆ ನಿಮ್ಮ ಕಡೆಯಿಂದ ಹೋಗುವ ವೇಗ ಕೇಳಿ. 4 ಎಂಬಿಪಿಎಸ್‌ನಲ್ಲಿ ಕಳಿಸಿದರೆ ತಾಸಿಗೆ ಸುಮಾರು 1.8 ಜಿಬಿ ಡೇಟಾ ಹೋಗುತ್ತದೆ. ದಿನಕ್ಕೆ 2 ಜಿಬಿಯ ಸಿಮ್ ಒಂದು ತಾಸಿಗೇ ಬರಿದು! ಹಾಗಾಗಿ ನಿಮ್ಮೂರಿಗೆ ಬಿಎಸ್‌ಎನ್‌ಎಲ್ ಅಥವಾ ಕೇಬಲ್‌ನವರ ಫೈಬರ್ ಬಂದಿದೆಯೇ ವಿಚಾರಿಸಿ. ಕರೆಂಟ್ ಹೋದಾಗ ಪ್ರಸಾರ ನಿಲ್ಲದಂತೆ ರೂಟರ್‌ಗೆ ಪುಟ್ಟ ಯುಪಿಎಸ್ ಹಾಕಿಸಿ. ಬಸವನ ಬಾಗೇವಾಡಿಯಲ್ಲಿ ಸಿಗದಿದ್ದರೆ ವಿಜಯಪುರದ ಅಂಗಡಿಗಳಲ್ಲಿ ಕೇಳಿ.

"ಇದು ಜೂಜಲ್ಲವೇ?" ಎಂದು ಅಪ್ಪ ಕೇಳಬಹುದು. ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಡುತ್ತದೆ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುತ್ತದೆ. ಅಂಥ ಆಪ್‌ನವರು "ನಮ್ಮ ಹೆಸರು ಒಂದು ಸಲ ಹೇಳಿ, ದುಡ್ಡು ಕೊಡ್ತೀವಿ" ಎಂದು ಸಣ್ಣ ಚಾನೆಲ್‌ಗಳನ್ನೂ ಹುಡುಕಿಕೊಂಡು ಬಂದಾರು. ಒಪ್ಪಲೇಬೇಡಿ. ಆ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ವಯಸ್ಸಿನ ನಿಯಮವೂ ಇದೆ. ಯೂಟ್ಯೂಬ್‌ನಲ್ಲಿ ಒಬ್ಬರೇ ನೇರಪ್ರಸಾರ ಮಾಡಲು 16 ತುಂಬಿರಬೇಕು. ಹಣ ಪಡೆಯುವ ಆಡ್‌ಸೆನ್ಸ್ ಖಾತೆಗೆ 18. ಅದಕ್ಕಿಂತ ಚಿಕ್ಕವರಾದರೆ ಅಪ್ಪ ಇಲ್ಲವೇ ಅವ್ವನ ಹೆಸರಿನಲ್ಲಿ ತೆರೆಯಬೇಕು. ಖಾತೆಯಲ್ಲಿ ಅಮೆರಿಕದ ತೆರಿಗೆಯ ನಮೂನೆಯೊಂದನ್ನು ಕೇಳುತ್ತಾರೆ. ತುಂಬದಿದ್ದರೆ ಗಳಿಕೆಯಲ್ಲಿ ಶೇ 24ರವರೆಗೆ ಕಡಿತವಾಗಬಹುದು.

ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ವಿಳಾಸ ಖಚಿತಪಡಿಸಲು ಗೂಗಲ್ ಒಂದು ಗುಪ್ತ ಸಂಖ್ಯೆಯನ್ನು ಅಂಚೆಯಲ್ಲಿ ಕಳಿಸುತ್ತದೆ. ಕಾಗದ ಬರಲು ಎರಡು–ಮೂರು ವಾರ ಹಿಡಿಯಬಹುದು. ಖಾತೆಯಲ್ಲಿ ವಿಳಾಸ ಬರೆಯುವಾಗ ಓಣಿ, ಮನೆ ನಂಬರ್, ಪಿನ್‌ಕೋಡ್ ಸರಿಯಾಗಿರಲಿ. ಊರಿನ ಪೋಸ್ಟ್‌ಮನ್ನರಿಗೂ ಒಂದು ಮಾತು ಹೇಳಿಟ್ಟಿರಿ.